ಸಣ್ಣ ಲೋಹದ ತಂತಿಯಲ್ಲಿ ಕರೆಂಟ್ ಏರಿಸಿದರೆ ರೋಧ ಯಾಕೆ ಬದಲಾಗುತ್ತದೆ? ಅಳೆದು ನೋಡುವ ಕ್ರಮ

ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ. "ಚಿನ್ನದ ನ್ಯಾನೋ ತಂತಿಯಲ್ಲಿ ಕರೆಂಟ್ ಜಾಸ್ತಿ ಮಾಡಿದ ಹಾಗೆಲ್ಲ ರೆಸಿಸ್ಟೆನ್ಸ್ ಏರುತ್ತಿದೆ. ಇಷ್ಟು ಸಣ್ಣ ತಂತಿಗೆ ಓಮ್ ನಿಯಮ ನಡೆಯುವುದಿಲ್ವಾ? ಇಲ್ಲಾ ನನ್ನ ಅಳತೆಯೇ ತಪ್ಪಾ?" ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು ಕೇಳುತ್ತಾರೆ, ಎಂಜಿನಿಯರಿಂಗ್ ಹುಡುಗರು ಹುಡುಗಿಯರು ಕೇಳುತ್ತಾರೆ, ಈಚೆಗೆ ಪಿಯು ಕಾಲೇಜಿನ ಮೇಷ್ಟ್ರೊಬ್ಬರೂ ಕೇಳಿದರು. ಒಬ್ಬೊಬ್ಬರಿಗೂ ತುಂಡು ತುಂಡು ಉತ್ತರ ಕೊಡುವ ಬದಲು ಪೂರ್ತಿ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೇರ ಉತ್ತರ. ಓಮ್ ನಿಯಮ ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತು ಇದೆ, ಶಾಲೆಯಲ್ಲೇ ಓದಿರುತ್ತೀರಿ: ತಾಪ ಬದಲಾಗಬಾರದು. ಅಳೆಯಲು ನೀವು ಕಳಿಸುವ ಕರೆಂಟೇ ತಂತಿಯನ್ನು ಬಿಸಿ ಮಾಡುತ್ತದೆ, ಬಿಸಿಯಾದ ಲೋಹದ ರೋಧ ಏರುತ್ತದೆ. ಕರೆಂಟ್ ಇನ್ನೂ ಜಾಸ್ತಿಯಾದರೆ ತಂತಿಯ ಪರಮಾಣುಗಳನ್ನೇ ಜಾಗ ಬಿಡಿಸುತ್ತದೆ. ಬಿಸಿಯಿಂದ ಆದ ಬದಲಾವಣೆ ಕರೆಂಟ್ ಇಳಿಸಿದರೆ ಹೋಗುತ್ತದೆ. ಪರಮಾಣು ಸರಿದದ್ದು ಹಾಗೇ ಉಳಿಯುತ್ತದೆ. ಈ ಎರಡನ್ನು ಬೇರೆ ಮಾಡಿ ತೋರಿಸುವುದೇ ನಿಮ್ಮ ಕೆಲಸ. ಅದಕ್ಕೆ ದೊಡ್ಡ ಗುಟ್ಟೇನಿಲ್ಲ. ಕರೆಂಟ್ ಏರಿಸಿದ ಪ್ರತಿ ಸಲವೂ ವಾಪಸ್ ಕೆಳಗಿಳಿದು ಬಂದು, ತಂತಿ ಮೊದಲಿನ ಹಾಗೇ ಇದೆಯಾ ಎಂದು ನೋಡಬೇಕು. ಬಹಳ ಜನ ಬಿಡುವುದು ಇದನ್ನೇ.

ಏನೇನು ಬೇಕು

ಅಭ್ಯಾಸಕ್ಕೆ: ಕಾರಿನ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದು. ಆಟೊಮೊಬೈಲ್ ಅಂಗಡಿಯಲ್ಲಿ ಕೇಳಿ, ಎಲ್‌ಇಡಿ ಬೇಡ, ಒಳಗೆ ತಂತಿ ಇರುವುದೇ ಬೇಕು ಎಂದು ಹೇಳಿ. ವೋಲ್ಟೇಜ್ ಬದಲಿಸಬಹುದಾದ, 2 ಆಂಪಿಯರ್ ಕೊಡುವ ಪವರ್ ಸಪ್ಲೈ. ಮಲ್ಟಿಮೀಟರ್ ಎರಡು. ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಸಿಗುವ 40 ಗೇಜಿನ ಎನಾಮೆಲ್ ತಾಮ್ರದ ತಂತಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನವರಾದರೆ ಮೀಟರು, ಕ್ಲಿಪ್ಪು, ವೈರು ಎಲ್ಲ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ.

ನಿಜವಾದ ನ್ಯಾನೋ ತಂತಿಗೆ: ಸಿಲಿಕಾನ್ ಚಿಪ್ಪಿನ ಮೇಲೆ ಬರೆದ ತಂತಿಗಳು, ಸಣ್ಣ ಕರೆಂಟನ್ನು ಕರಾರುವಾಕ್ಕಾಗಿ ಕೊಡುವ ಸೋರ್ಸ್ ಮೀಟರ್, ಮೈಕ್ರೋವೋಲ್ಟ್ ಓದಬಲ್ಲ ವೋಲ್ಟ್‌ಮೀಟರ್, ತಾಪ ನಿಯಂತ್ರಿಸುವ ಬಿಸಿ ತಟ್ಟೆ, ಮಣಿಕಟ್ಟಿಗೆ ಕಟ್ಟುವ ಅರ್ತಿಂಗ್ ಪಟ್ಟಿ. ನಿಮ್ಮ ಕಾಲೇಜಿನಲ್ಲಿ ಚಿಪ್ ಮಾಡುವ ಸೌಲಭ್ಯ ಇಲ್ಲ ಎಂದು ಕೈಚೆಲ್ಲಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರವಾದ ಸೆನ್ಸ್‌ನಲ್ಲಿ ಹೊರಗಿನ ಕಾಲೇಜಿನವರಿಗೂ ಅವಕಾಶ ಕೊಡುವ ಐಎನ್‌ಯುಪಿ ಎಂಬ ಯೋಜನೆ ಇದೆ. ಗೈಡ್ ಮೂಲಕ ವಿಚಾರಿಸಿ.

1. ಬಲ್ಬಿನಿಂದ ಶುರು ಮಾಡಿ

ನ್ಯಾನೋ ತಂತಿ ಸಿಕ್ಕಿದ ಮೇಲೂ ಈ ಹಂತವನ್ನು ಹಾರಿಸಬೇಡಿ. ನ್ಯಾನೋ ತಂತಿಯಲ್ಲಿ ಕಣ್ಣಿಗೆ ಕಾಣದೆ ನಡೆಯುವುದು ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ಬಲ್ಬ್, ಸಪ್ಲೈ, ಕರೆಂಟ್ ಓದುವ ಮೀಟರ್, ಮೂರನ್ನೂ ಸರಣಿಯಲ್ಲಿ ಸೇರಿಸಿ. ಇನ್ನೊಂದು ಮೀಟರನ್ನು ಬಲ್ಬಿನ ಎರಡು ತುದಿಗೆ ಹಾಕಿ ವೋಲ್ಟೇಜ್ ಓದಿ. 50 ಮಿಲಿಆಂಪಿಯರಿನಿಂದ ಶುರು ಮಾಡಿ, ನಿಧಾನವಾಗಿ 12 ವೋಲ್ಟಿನವರೆಗೆ ಏರಿಸಿ. ಪ್ರತಿ ಹಂತದಲ್ಲೂ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬರೆದಿಡಿ.

ತಣ್ಣಗಿರುವಾಗ ರೋಧ ಒಂದು ಓಮ್‌ಗಿಂತ ಕಡಿಮೆ ಬರುತ್ತದೆ. ಪೂರ್ತಿ ಉರಿಯುವಾಗ 7 ಓಮ್ ಹತ್ತಿರ. ಅಂದರೆ ಸುಮಾರು 10 ಪಟ್ಟು! ಒಳಗಿರುವುದು ಅದೇ ಟಂಗ್‌ಸ್ಟನ್ ತಂತಿ, ಬದಲಾದದ್ದು ತಾಪ ಮಾತ್ರ. ಲೋಹ ಬಿಸಿಯಾದಾಗ ಅದರ ಪರಮಾಣುಗಳು ಜಾಸ್ತಿ ನಡುಗುತ್ತವೆ, ಹರಿದು ಹೋಗುವ ಎಲೆಕ್ಟ್ರಾನುಗಳಿಗೆ ದಾರಿ ಅಷ್ಟಷ್ಟೇ ಕಷ್ಟವಾಗುತ್ತದೆ. ಹಳೇ ಕಾಲದ ಬಲ್ಬುಗಳು ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟು ಹೋಗುತ್ತಿದ್ದುದು ನೆನಪಿದೆಯಲ್ವಾ? ತಣ್ಣಗಿನ ತಂತಿಯ ರೋಧ ಕಡಿಮೆ, ಹಾಗಾಗಿ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ನುಗ್ಗುತ್ತದೆ.

ಈಗ ಕರೆಂಟನ್ನು ಮತ್ತೆ 50 ಮಿಲಿಆಂಪಿಯರಿಗೆ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಓದಿ. ಮೊದಲಿನ ಬೆಲೆಯೇ ಬರಬೇಕು. ಹೋದದ್ದು ವಾಪಸ್ ಬಂತು ಅಂದರೆ ಇದು ಬರೀ ಬಿಸಿಯ ಆಟ.

ಎಚ್ಚರ: ಮನೆಯ 230 ವೋಲ್ಟ್ ಲೈನಿನಲ್ಲಿ ಈ ಪ್ರಯೋಗ ಮಾಡಲೇಬೇಡಿ. 21 ವ್ಯಾಟಿನ ಬಲ್ಬಿನ ಗಾಜೂ ಕೈ ಸುಡುತ್ತದೆ, ಮುಟ್ಟಬೇಡಿ.

2. ನಾಲ್ಕು ತಂತಿಯ ಅಳತೆ ಕಲಿಯಿರಿ

ಬಲ್ಬಿನ ತಣ್ಣಗಿನ ರೋಧವನ್ನು ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅಳೆದಿದ್ದರೆ ಬೆಲೆ ಜಾಸ್ತಿ ತೋರಿಸಿರುತ್ತದೆ. ಮೀಟರಿನ ವೈರುಗಳದ್ದು, ಕ್ಲಿಪ್ ತಾಗುವ ಜಾಗದ್ದು, ಎಲ್ಲ ಸೇರಿ 0.2, 0.3 ಓಮ್ ಇರುವುದು ಸಾಮಾನ್ಯ. ಅರ್ಧ ಓಮ್ ಅಳೆಯುವಾಗ ಅದು ಸಣ್ಣ ತಪ್ಪಲ್ಲ.

ಪರಿಹಾರ ಹಳೆಯದು, ಲಾರ್ಡ್ ಕೆಲ್ವಿನ್ ಹೆಸರಿನಲ್ಲಿ ಕರೆಯುತ್ತಾರೆ. ಕರೆಂಟ್ ಕಳಿಸಲು ಎರಡು ತಂತಿ, ವೋಲ್ಟೇಜ್ ಓದಲು ಬೇರೆ ಎರಡು ತಂತಿ. ವೋಲ್ಟ್‌ಮೀಟರಿನ ತಂತಿಗಳಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, ಆದ್ದರಿಂದ ಅವುಗಳ ರೋಧ ಲೆಕ್ಕಕ್ಕೆ ಬರುವುದಿಲ್ಲ.

40 ಗೇಜಿನ ತಾಮ್ರದ ತಂತಿಯಲ್ಲಿ ಮಾಡಿ ನೋಡಿ. ಅದರ ದಪ್ಪ ಸುಮಾರು 0.12 ಮಿಲಿಮೀಟರ್. ತುದಿಗಳಲ್ಲಿ ಮತ್ತು ವೋಲ್ಟೇಜ್ ಕ್ಲಿಪ್ ಹಾಕುವ ಎರಡು ಕಡೆ ಎನಾಮೆಲ್ ಕೆರೆದು ತೆಗೆಯಿರಿ. 100 ಮಿಲಿಆಂಪಿಯರ್ ಕಳಿಸಿ. ವೋಲ್ಟೇಜ್ ಕ್ಲಿಪ್ಪುಗಳ ನಡುವೆ ಸರಿಯಾಗಿ ಒಂದು ಮೀಟರ್ ಇದ್ದರೆ 144 ಮಿಲಿವೋಲ್ಟ್ ಆಸುಪಾಸು ಬರಬೇಕು, ಅಂದರೆ 1.44 ಓಮ್. ನಿಮಗೆ 1.7 ಬಂದರೆ ವೋಲ್ಟೇಜ್ ಕ್ಲಿಪ್ಪನ್ನು ಕರೆಂಟ್ ಕ್ಲಿಪ್ಪಿನ ಮೇಲೇ ಕಚ್ಚಿಸಿದ್ದೀರಾ ನೋಡಿ. ವೋಲ್ಟೇಜ್ ಕ್ಲಿಪ್ ತಂತಿಯನ್ನೇ ಮುಟ್ಟಬೇಕು, ಕರೆಂಟ್ ಕ್ಲಿಪ್ಪಿನ ಒಳಬದಿಗೆ.

3. ಅಳೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ

ಒಂದು ಉದಾಹರಣೆಯ ತಂತಿ ಇಟ್ಟುಕೊಳ್ಳೋಣ. ಚಿನ್ನದ್ದು. ಉದ್ದ 5 ಮೈಕ್ರೋಮೀಟರ್, ಅಗಲ 100 ನ್ಯಾನೋಮೀಟರ್, ದಪ್ಪ 50 ನ್ಯಾನೋಮೀಟರ್. ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ತಂತಿಯ ಕೆಳಗೆ 300 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಆಕ್ಸೈಡ್ ಪದರ, ಅದರ ಕೆಳಗೆ ಸಿಲಿಕಾನ್.

ಚಿನ್ನದ ವಿಶಿಷ್ಟ ರೋಧಕ್ಕೆ (ರೆಸಿಸ್ಟಿವಿಟಿ) ಪುಸ್ತಕದಲ್ಲಿರುವ ಬೆಲೆ ಹಾಕಿ ಲೆಕ್ಕ ಮಾಡಿದರೆ ಈ ತಂತಿಯ ರೋಧ 24 ಓಮ್ ಬರುತ್ತದೆ. ಅಳೆದಾಗ 40 ಬಂದರೆ ಗಾಬರಿ ಬೇಡ. ಮಾಮೂಲಿ ತಾಪದಲ್ಲಿ ಚಿನ್ನದೊಳಗೆ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಹೋಗುವ ದೂರ ಸುಮಾರು 40 ನ್ಯಾನೋಮೀಟರ್. ತಂತಿಯ ದಪ್ಪವೇ 50! ಹಾಗಾಗಿ ಎಲೆಕ್ಟ್ರಾನುಗಳು ತಂತಿಯ ಗೋಡೆಗೇ ಹೋಗಿ ಬಡಿಯುತ್ತವೆ. ಇದರ ಲೆಕ್ಕವನ್ನು ಫುಕ್ಸ್ 1938ರಲ್ಲೇ ಮಾಡಿದ್ದರು. ಲೋಹದೊಳಗಿನ ಸಣ್ಣ ಸಣ್ಣ ಹರಳುಗಳ ಗಡಿಗಳೂ ಎಲೆಕ್ಟ್ರಾನನ್ನು ತಡೆಯುತ್ತವೆ. ಅದನ್ನು ಮಯಾಡಾಸ್ ಮತ್ತು ಶಾಟ್ಸ್‌ಕಿಸ್ 1970ರಲ್ಲಿ ಸೇರಿಸಿದರು.

ಇಲ್ಲೊಂದು ಸಾಮಾನ್ಯ ಗೊಂದಲ. 24 ಇರಬೇಕಾದದ್ದು 40 ಆದದ್ದು ಗಾತ್ರದಿಂದ, ಕರೆಂಟಿನಿಂದ ಅಲ್ಲ. ಎಷ್ಟೇ ಸಣ್ಣ ಕರೆಂಟಿನಲ್ಲಿ ಅಳೆದರೂ ಅದು ಇರುತ್ತದೆ. ವರದಿಯಲ್ಲಿ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಮುಂದೆ ಕರೆಂಟ್ ಸಾಂದ್ರತೆ, ಅಂದರೆ ಅಡ್ಡಕೊಯ್ತದ ಇಷ್ಟು ಜಾಗಕ್ಕೆ ಎಷ್ಟು ಕರೆಂಟ್ ಎಂಬ ಲೆಕ್ಕ. ಮನೆಯ ಒಂದೂವರೆ ಚದರ ಮಿಲಿಮೀಟರ್ ವೈರಿನಲ್ಲಿ 10 ಆಂಪಿಯರ್ ಹರಿದರೆ ಚದರ ಸೆಂಟಿಮೀಟರಿಗೆ 700 ಆಂಪಿಯರಿಗಿಂತ ಕಡಿಮೆ. ನಮ್ಮ ಚಿನ್ನದ ತಂತಿಯಲ್ಲಿ ಬರೀ 1 ಮಿಲಿಆಂಪಿಯರ್ ಹರಿದರೆ ಚದರ ಸೆಂಟಿಮೀಟರಿಗೆ 2 ಕೋಟಿ ಆಂಪಿಯರ್! ಮನೆಯ ವೈರಿಗೆ ಅಷ್ಟು ಕೊಟ್ಟರೆ ಅದು ಉಳಿಯುವುದಿಲ್ಲ. ನ್ಯಾನೋ ತಂತಿ ಹೇಗೆ ತಡೆದುಕೊಳ್ಳುತ್ತದೆ ಅಂದರೆ, ಅದರ ಒಡಲಿಗೆ ಹೋಲಿಸಿದರೆ ಮೈ ಬಹಳ ದೊಡ್ಡದು. ಹುಟ್ಟಿದ ಬಿಸಿ ತಕ್ಷಣ ಕೆಳಗಿನ ಪದರಕ್ಕೆ ಇಳಿದು ಹೋಗುತ್ತದೆ. ಒಂದು ಮಿಲಿಆಂಪಿಯರ್ ಸಣ್ಣದು ಅನ್ನಿಸಿದಾಗೆಲ್ಲ ಈ 2 ಕೋಟಿಯನ್ನು ನೆನೆಸಿಕೊಳ್ಳಿ.

4. ಚಿಪ್ಪನ್ನು ಮುಟ್ಟುವ ಮೊದಲು ಮೈಯ ಚಾರ್ಜ್ ಕಳೆಯಿರಿ

ಜಾಸ್ತಿ ತಂತಿಗಳು ಸಾಯುವುದು ಪ್ರಯೋಗದಲ್ಲಲ್ಲ, ಪ್ರಯೋಗಕ್ಕೆ ಮೊದಲೇ. ಒಂದು ವಾರ ಕಷ್ಟಪಟ್ಟು ಮಾಡಿದ ಚಿಪ್ಪನ್ನು ಪಟ್ಟಿ ಕಟ್ಟದೆ ಮುಟ್ಟಿ ನಾನೂ ಕಳೆದುಕೊಂಡಿದ್ದೇನೆ.

ಲೆಕ್ಕ ನೋಡಿ. ಮನುಷ್ಯನ ಮೈಯನ್ನು 100 ಪಿಕೋಫ್ಯಾರಡ್ ಕೆಪಾಸಿಟರ್, ಅದರ ಜೊತೆ 1500 ಓಮ್ ರೋಧ ಎಂದು ಎಲೆಕ್ಟ್ರಾನಿಕ್ಸ್‌ನವರು ಹಿಡಿಯುತ್ತಾರೆ. ಒಣಗಿದ ಬೇಸಿಗೆಯಲ್ಲಿ ನಡೆದಾಡಿದರೆ ಮೈ 1000 ವೋಲ್ಟಿಗೆ ಏರುವುದು ಏನೂ ಕಷ್ಟವಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಆಗ ಮೈಯಲ್ಲಿ ಕೂತಿರುವ ಶಕ್ತಿ 50 ಮೈಕ್ರೋಜೂಲ್. ಅದರಲ್ಲಿ 40 ಓಮ್ ತಂತಿಯ ಪಾಲಿಗೆ ಬರುವುದು ಒಂದು ಮೈಕ್ರೋಜೂಲ್ ಚಿಲ್ಲರೆ. ಆದರೆ ಆ ತಂತಿಯ ಅಷ್ಟೂ ಚಿನ್ನವನ್ನು ಕರಗಿಸಲು ಅದರ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು.

ಹಾಗಾಗಿ: ಮಣಿಕಟ್ಟಿನ ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿ ಅರ್ತಿಗೆ ಸೇರಿದೆಯಾ ಎಂದು ಮೀಟರಿನಲ್ಲಿ ನೋಡಿ. ಚಿಪ್ ಕೂರಿಸುವಾಗ ಎಲ್ಲ ಪಿನ್ನುಗಳೂ ಒಂದಕ್ಕೊಂದು ಶಾರ್ಟ್ ಆಗಿ ಅರ್ತಿಗೆ ಸೇರಿರಲಿ. ಮೀಟರ್ ಆನ್ ಮಾಡಿ, ಕರೆಂಟ್ ಸೊನ್ನೆಗೆ ಇಟ್ಟು, ಕೇಬಲ್ ಜೋಡಿಸಿ. ಕೊನೆಯಲ್ಲಿ ಶಾರ್ಟ್ ತೆಗೆಯಿರಿ. ಬಿಚ್ಚುವಾಗ ಇದನ್ನೇ ಹಿಂದುಮುಂದಾಗಿ ಮಾಡಿ.

ಇನ್ನೂ ಎರಡು ಮಾತು. ಸೋರ್ಸ್ ಮೀಟರಿನ ವೋಲ್ಟೇಜ್ ಮಿತಿಯನ್ನು ಮೊದಲೇ ಕಡಿಮೆಗೆ ಕಟ್ಟಿಹಾಕಿ, ನಮ್ಮ ತಂತಿಗಾದರೆ 0.2 ವೋಲ್ಟ್ ಧಾರಾಳ. ಆಟೋ ರೇಂಜ್ ಆಫ್ ಮಾಡಿ. ರೇಂಜ್ ಬದಲಾಗುವ ಕ್ಷಣದಲ್ಲಿ ಒಂದು ಸಣ್ಣ ಹೊಡೆತ ಬರಬಹುದು, ನ್ಯಾನೋ ತಂತಿಗೆ ಅಷ್ಟೇ ಸಾಕು.

5. ಸಣ್ಣ ಕರೆಂಟಿನಲ್ಲಿ ಆಧಾರದ ಬೆಲೆ ಪಡೆಯಿರಿ

20 ಮೈಕ್ರೋಆಂಪಿಯರ್ ಕಳಿಸಿ. 40 ಓಮ್ ತಂತಿಯಲ್ಲಿ 0.8 ಮಿಲಿವೋಲ್ಟ್ ಬರುತ್ತದೆ. ಇಷ್ಟು ಸಣ್ಣ ವೋಲ್ಟೇಜಿನಲ್ಲಿ ಬೆಸುಗೆಯ ಜಾಗಗಳೇ ಸುಳ್ಳು ಹೇಳುತ್ತವೆ. ಎರಡು ಬೇರೆ ಲೋಹ ಸೇರುವ ಕಡೆ ತಾಪ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಕೆಲವು ಮೈಕ್ರೋವೋಲ್ಟ್ ತಾನಾಗಿ ಹುಟ್ಟುತ್ತದೆ. ಅದಕ್ಕೆ ಕರೆಂಟನ್ನು ಒಮ್ಮೆ ನೇರ, ಒಮ್ಮೆ ತಿರುಗಿಸಿ ಕಳಿಸಿ. ಎರಡೂ ಓದಿನ ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ತಂತಿಯ ವೋಲ್ಟೇಜ್ ದಿಕ್ಕು ಬದಲಿಸುತ್ತದೆ, ಬೆಸುಗೆಯದ್ದು ಬದಲಿಸುವುದಿಲ್ಲ, ಹೀಗಾಗಿ ಅದು ಕಳೆದು ಹೋಗುತ್ತದೆ.

ಈ ಬೆಲೆಯನ್ನು ಹತ್ತು ಸಲ ಅಳೆದು ಬರೆಯಿರಿ, ಕೋಣೆಯ ತಾಪದ ಜೊತೆ. ಮುಂದಿನ ಎಲ್ಲ ಹಂತಗಳಿಂದಲೂ ಮರಳಿ ಬರಬೇಕಾದ ಊರು ಇದು.

6. ನಿಮ್ಮ ತಂತಿಯದೇ ತಾಪ ಗುಣಾಂಕ ಕಂಡುಹಿಡಿಯಿರಿ

ತಾಪ ಗುಣಾಂಕ ಅಂದರೆ ಒಂದು ಡಿಗ್ರಿ ಬಿಸಿಗೆ ರೋಧ ಎಷ್ಟು ಪಾಲು ಏರುತ್ತದೆ ಎಂಬುದು. ಚಿನ್ನಕ್ಕೆ ಪುಸ್ತಕದಲ್ಲಿ 0.0034 ಎಂದಿರುತ್ತದೆ. ಅದನ್ನು ಸುಮ್ನೆ ಎತ್ತಿ ಹಾಕಬೇಡಿ. ನೂರರಲ್ಲಿ ತೊಂಬತ್ತು ಜನ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಕಾರಣ ಸರಳ. ಗೋಡೆ ಮತ್ತು ಹರಳಿನ ಗಡಿಗಳಿಂದ ಬಂದ ಹೆಚ್ಚುವರಿ ರೋಧ ತಾಪದ ಜೊತೆ ಅಷ್ಟಾಗಿ ಬದಲಾಗುವುದಿಲ್ಲ. ಒಂದು ಡಿಗ್ರಿಗೆ ಏರುವ ಓಮ್‌ಗಳು ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ, ಆದರೆ ಒಟ್ಟು ರೋಧ 24ರ ಬದಲು 40. ಹಾಗಾಗಿ ಪಾಲಿನ ಲೆಕ್ಕದಲ್ಲಿ ಗುಣಾಂಕ ಕುಗ್ಗುತ್ತದೆ.

ಚಿಪ್ಪನ್ನು ಬಿಸಿ ತಟ್ಟೆಯ ಮೇಲೆ ಇಟ್ಟು, 25ರಿಂದ 75 ಡಿಗ್ರಿವರೆಗೆ ಹತ್ತತ್ತು ಡಿಗ್ರಿ ಏರಿಸಿ. ಪ್ರತಿ ಸಲ ತಾಪ ನಿಲ್ಲುವವರೆಗೆ ಕಾದು, ಅದೇ 20 ಮೈಕ್ರೋಆಂಪಿಯರಿನಲ್ಲಿ ಅಳೆಯಿರಿ. 40 ಓಮ್ ಇದ್ದದ್ದು ತಾಪ 50 ಡಿಗ್ರಿ ಏರಿದಾಗ 44 ಆದರೆ ನಿಮ್ಮ ಗುಣಾಂಕ 0.002. ತಟ್ಟೆ ತಣ್ಣಗಾದ ಮೇಲೆ ಮತ್ತೆ 25ರಲ್ಲಿ ಅಳೆಯಿರಿ. 40ಕ್ಕೆ ಬಂದಿರಬೇಕು. ಹೊಸ ತಂತಿಯಾದರೆ 39 ಬರುವುದೂ ಉಂಟು. ಬಿಸಿಗೆ ಒಳಗಿನ ಹರಳುಗಳು ಬೆಳೆದು, ಗಡಿಗಳು ಕಡಿಮೆಯಾಗಿ, ರೋಧ ಶಾಶ್ವತವಾಗಿ ಇಳಿದಿರುತ್ತದೆ. ಇದಕ್ಕೆ ಅನೀಲಿಂಗ್ ಅನ್ನುತ್ತಾರೆ. ಹಾಗಾದರೆ ಬೆಲೆ ನಿಲ್ಲುವವರೆಗೆ ಬಿಸಿ-ತಣ್ಣನೆಯ ಸುತ್ತನ್ನು ಮತ್ತೆ ಮಾಡಿ, ಆಮೇಲೆ ಮುಂದಕ್ಕೆ ಹೋಗಿ.

7. ಕರೆಂಟ್ ಏರಿಸಿ, ಇಳಿಸಿ, ನೋಡಿ

ಈಗ ಅಸಲು ಕೆಲಸ. 0.1 ಮಿಲಿಆಂಪಿಯರಿನಿಂದ ಶುರು ಮಾಡಿ, 0.1ರ ಹೆಜ್ಜೆಯಲ್ಲಿ ಏರಿಸಿ. ಪ್ರತಿ ಹೆಜ್ಜೆ ಹೀಗೆ: ಏರಿಸಿ, ಓದಿ, 20 ಮೈಕ್ರೋಆಂಪಿಯರಿಗೆ ಇಳಿಸಿ, ಮತ್ತೆ ಓದಿ. ಅಂದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೆ ಎರಡು ರೋಧ ಇರುತ್ತವೆ, ಮೇಲಿನದ್ದು ಮತ್ತು ಮರಳಿ ಬಂದದ್ದು.

ಮೇಲಿನ ರೋಧವನ್ನು ಕರೆಂಟಿನ ವರ್ಗದ ಎದುರು ಗ್ರಾಫ್ ಹಾಕಿ. ಕರೆಂಟಿನ ಎದುರಲ್ಲ, ಅದರ ವರ್ಗದ ಎದುರು. ಬಿಸಿ ಹುಟ್ಟುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಇದು ಜೂಲ್ ನಿಯಮ. ಗ್ರಾಫ್ ನೇರ ಗೆರೆ ಬಂದರೆ ಏರಿಕೆ ಬಿಸಿಯದ್ದು. 1 ಮಿಲಿಆಂಪಿಯರಿನಲ್ಲಿ 40.8 ಓಮ್ ಬಂತು ಅನ್ನಿ. ಏರಿಕೆ ನೂರಕ್ಕೆ 2. ನಿಮ್ಮ ಗುಣಾಂಕ 0.002 ಆದ್ದರಿಂದ ತಂತಿ ಸರಾಸರಿ 10 ಡಿಗ್ರಿ ಬಿಸಿಯಾಗಿದೆ. ಪುಸ್ತಕದ ಗುಣಾಂಕ ಹಾಕಿದ್ದರೆ 6 ಎಂದು ತಪ್ಪು ಹೇಳುತ್ತಿದ್ದಿರಿ. 2 ಮಿಲಿಆಂಪಿಯರಿಗೆ ಬಿಸಿ ನಾಲ್ಕು ಪಟ್ಟು, ಹತ್ತಿರ ಹತ್ತಿರ 40 ಡಿಗ್ರಿ. ತಂತಿಯೇ ಈಗ ನಿಮ್ಮ ಥರ್ಮಾಮೀಟರ್.

"ಮಿಲಿಸೆಕೆಂಡ್ ಪಲ್ಸ್ ಕೊಟ್ಟರೆ ಬಿಸಿ ತಪ್ಪುತ್ತದಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ತಪ್ಪುವುದಿಲ್ಲ. ಬಲ್ಬಿನ ತಂತಿ ಬಿಸಿಯಾಗಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. 300 ನ್ಯಾನೋಮೀಟರ್ ಆಕ್ಸೈಡನ್ನು ಬಿಸಿ ದಾಟಲು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗ ಸಾಕು. ಮಿಲಿಸೆಕೆಂಡ್ ಅನ್ನುವುದು ಈ ತಂತಿಗೆ ಬಹಳ ದೀರ್ಘ ಕಾಲ.

8. ವಾಪಸ್ ಬರದಿದ್ದರೆ

ಮರಳಿ ಬಂದ ರೋಧಗಳ ಸಾಲನ್ನು ಮೇಲಿಂದ ಕೆಳಗೆ ಓದಿ. ಎಲ್ಲ 40 ಇದ್ದರೆ ಒಳ್ಳೆಯದು. ನಿಧಾನವಾಗಿ ಇಳಿದಿದ್ದರೆ ಕರೆಂಟಿನ ಬಿಸಿಗೇ ಅನೀಲಿಂಗ್ ನಡೆದಿದೆ. ಏರುತ್ತಾ ಹೋಗಿದ್ದರೆ, 40.0, 40.1, 40.4, 41.2 ಹೀಗೆ, ತಂತಿಯ ಒಳಗೆ ಪರಮಾಣುಗಳು ಸರಿಯಲು ಶುರುವಾಗಿವೆ.

ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಎಂದು ಹೆಸರು. ಹೊಳೆಯ ನೀರು ರಭಸವಾಗಿ ಹರಿದರೆ ತಳದ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಹಾಗೇ ಎಲೆಕ್ಟ್ರಾನುಗಳ ಹೊಳೆ ಲೋಹದ ಪರಮಾಣುಗಳನ್ನು ತಾನು ಹೋಗುವ ಕಡೆಗೆ ತಳ್ಳುತ್ತದೆ. ಋಣ ತುದಿಯ ಕಡೆ ಲೋಹ ಕಡಿಮೆಯಾಗಿ ಗುಳಿ ಬೀಳುತ್ತದೆ, ಧನ ತುದಿಯ ಕಡೆ ಗುಡ್ಡೆಯಾಗುತ್ತದೆ. ಗುಳಿ ಬಿದ್ದ ಕಡೆ ತಂತಿ ಸಪೂರ, ಅಲ್ಲಿ ಕರೆಂಟ್ ಸಾಂದ್ರತೆ ಇನ್ನೂ ಜಾಸ್ತಿ, ಬಿಸಿ ಇನ್ನೂ ಜಾಸ್ತಿ, ಗುಳಿ ಇನ್ನೂ ಬೇಗ ಬೆಳೆಯುತ್ತದೆ. ಕೊನೆಗೆ ಒಂದೇ ಸಲಕ್ಕೆ ಕಡಿಯುತ್ತದೆ.

ಇದು ಬರೀ ಪ್ರಯೋಗಾಲಯದ ವಿಷಯವಲ್ಲ. 1960ರ ದಶಕದಲ್ಲಿ ಚಿಪ್ಪುಗಳೊಳಗಿನ ಅಲ್ಯೂಮಿನಿಯಂ ಗೆರೆಗಳು ಹೀಗೇ ಕಡಿದು ಹೋಗುತ್ತಿದ್ದವು. ಮೊಟೊರೊಲಾದ ಜೇಮ್ಸ್ ಬ್ಲಾಕ್ 1969ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಕರೆಂಟ್ ಸಾಂದ್ರತೆ ಎರಡು ಪಟ್ಟಾದರೆ ಗೆರೆಯ ಆಯುಷ್ಯ ಕಾಲು ಭಾಗಕ್ಕೆ ಇಳಿಯುತ್ತದೆ, ತಾಪ ಏರಿದರೆ ಅದರ ಮೇಲೆ ಇನ್ನೂ ವೇಗವಾಗಿ ಕುಸಿಯುತ್ತದೆ. ಐಬಿಎಂ 1997ರಲ್ಲಿ ಚಿಪ್ಪಿನೊಳಗೆ ತಾಮ್ರದ ಗೆರೆ ತರುವುದಾಗಿ ಪ್ರಕಟಿಸಿತು. ತಾಮ್ರದ ರೋಧ ಕಡಿಮೆ, ಜೊತೆಗೆ ಎಲೆಕ್ಟ್ರೋಮೈಗ್ರೇಶನ್ ಅನ್ನು ಅದು ಹೆಚ್ಚು ತಡೆದುಕೊಳ್ಳುತ್ತದೆ.

ಮರಳಿ ಬಂದ ಬೆಲೆ ಅರ್ಧ ಪರ್ಸೆಂಟ್ ಏರಿದ ಕೂಡಲೇ ನಿಲ್ಲಿಸಿ. ಆ ಕರೆಂಟನ್ನು ಬರೆದಿಡಿ. ಅದರ ಮೂರನೇ ಒಂದು ಭಾಗವನ್ನು ನಿಮ್ಮ ಮುಂದಿನ ಅಳತೆಗಳ ಮಿತಿ ಮಾಡಿಕೊಳ್ಳಿ, ನಾನು ಹಾಗೇ ಮಾಡುತ್ತೇನೆ. ಅದೇ ಚಿಪ್ಪಿನ ಪಕ್ಕದ ತಂತಿಗೂ ಇದೇ ಮಿತಿ ಎಂದು ನಂಬಬೇಡಿ. ಒಂದೇ ಸಲ ಮಾಡಿದ ಎರಡು ತಂತಿಗಳ ಹರಳುಗಳೂ ಒಂದೇ ಥರ ಇರುವುದಿಲ್ಲ.

9. ಒಂದು ತಂತಿಯನ್ನು ಬೇಕೆಂದೇ ಕಡಿಯಿರಿ

ಚಿಪ್ಪಿನಲ್ಲಿ ಹತ್ತು ತಂತಿ ಇದ್ದರೆ ಒಂದನ್ನು ಇದಕ್ಕೆ ಮೀಸಲಿಡಿ. ಇಲ್ಲಿ ಕರೆಂಟಿನ ಬದಲು ವೋಲ್ಟೇಜನ್ನು ಹಿಡಿತದಲ್ಲಿಡಿ. ಕರೆಂಟ್ ಹಿಡಿದರೆ, ತಂತಿ ಸಪೂರವಾದಷ್ಟೂ ಮೀಟರ್ ಅದೇ ಕರೆಂಟನ್ನು ನೂಕಿ ಒಮ್ಮೆಲೇ ಸುಟ್ಟುಬಿಡುತ್ತದೆ. ವೋಲ್ಟೇಜನ್ನು ಮಿಲಿವೋಲ್ಟಿನ ಲೆಕ್ಕದಲ್ಲಿ ಏರಿಸಿ. ರೋಧ ಎರಡು ಪರ್ಸೆಂಟ್ ಜಿಗಿದರೆ ತಕ್ಷಣ ವೋಲ್ಟೇಜ್ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರಿಸಿ. ಇದನ್ನು ಕೈಯಲ್ಲಿ ಮಾಡಲು ಆಗುವುದಿಲ್ಲ, ಸಣ್ಣ ಪ್ರೋಗ್ರಾಂ ಬರೆದು ಮೀಟರಿಗೆ ಹೇಳಿಸಿ. 1999ರಲ್ಲಿ ಹಾಂಗ್‌ಕುನ್ ಪಾರ್ಕ್ ಮತ್ತು ಜೊತೆಗಾರರು ಚಿನ್ನದ ತಂತಿಗಳನ್ನು ಎಲೆಕ್ಟ್ರೋಮೈಗ್ರೇಶನ್‌ನಿಂದಲೇ ಕಡಿದು, ನ್ಯಾನೋಮೀಟರಿನಷ್ಟು ಸಣ್ಣ ಸಂದು ಮಾಡಿ ತೋರಿಸಿದ್ದರು. ಆ ಸಂದಿನಲ್ಲಿ ಒಂದೇ ಅಣುವನ್ನು ಕೂರಿಸಿ ಅಳೆಯುವ ಕೆಲಸಕ್ಕೆ ದಾರಿಯಾಯಿತು.

ರೋಧ ನೂರು ಓಮ್ ದಾಟುತ್ತದೆ, ಸಾವಿರ ದಾಟುತ್ತದೆ. ಆಮೇಲೆ ನಯವಾಗಿ ಏರುವುದನ್ನು ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಏರಲು ಶುರು ಮಾಡಬಹುದು. ಆಗ ಕಣ್ಣು ಮಿಟುಕಿಸಬೇಡಿ. ಸುಮಾರು 12,900 ಓಮ್ ಹತ್ತಿರ ಒಂದು ಕ್ಷಣ ನಿಂತರೆ, ನಿಮ್ಮ ತಂತಿ ಚಿನ್ನದ ಒಂದೇ ಪರಮಾಣುವಿನಲ್ಲಿ ಹಿಡಿದು ನಿಂತಿದೆ ಎಂದೇ ತಿಳಿಯಿರಿ. ಆ ಸಾಲನ್ನು ಸಮಯದ ಸಮೇತ ಸೇವ್ ಮಾಡಿ.